ಒಂದು ವಾರ 87, ಮುಂದಿನ ವಾರ 103: ನಿಮ್ಮ ಆಟ ಹೇಗೆ ಹದಕ್ಕೆ ಬಂತು?

ಕೇಳಿದವರು (ಹ್ಯಾಂಡಿಕ್ಯಾಪ್, ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತಕ್ಕಿಂತ ಒಳ್ಳೆಯ ದಿನ ಎಷ್ಟು ಜಾಸ್ತಿ ಅನ್ನುವ ಅಳತೆ, 20ರ ಆಸುಪಾಸು)

ನಾಲ್ಕು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ. ವಾರಕ್ಕೆ ಒಂದು ರೌಂಡ್, ಒಂದು ದಿನ ರೇಂಜ್ (ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗ). ಹೋದ ತಿಂಗಳು ಪಾರ್ 72 (18 ಹೋಲಿಗೆ 72 ಹೊಡೆತ ನಿಗದಿ) ಕೋರ್ಸಿನಲ್ಲಿ 87 ಹೊಡೆದೆ. ಇಲ್ಲಿಯವರೆಗೆ ನನ್ನ ಅತಿ ಕಡಿಮೆಯ, ಅಂದರೆ ಅತಿ ಒಳ್ಳೆಯ ಸ್ಕೋರ್ ಅದು. ಖುಷಿಗೆ ಆ ರಾತ್ರಿ ಸರಿಯಾಗಿ ನಿದ್ದೆಯೇ ಬರಲಿಲ್ಲ. ಮುಂದಿನ ವಾರ ಅದೇ ಕೋರ್ಸು, ಅದೇ ಕ್ಲಬ್ಬುಗಳು, ಅದೇ ಜೊತೆಗಾರರು. ಸ್ಕೋರ್ 103.

ರೇಂಜಿನಲ್ಲಿ 7 ಐರನ್ (ಮಧ್ಯಮ ದೂರದ ಕ್ಲಬ್) ಹೇಳಿದ ಮಾತು ಕೇಳುತ್ತದೆ. ಕೋರ್ಸಿಗೆ ಹೋದರೆ ಒಮ್ಮೆ ಚೆಂಡಿನ ಹಿಂದಿನ ನೆಲಕ್ಕೆ ಬಡಿಯುತ್ತೇನೆ, ಒಮ್ಮೆ ಚೆಂಡಿನ ತಲೆಗೆ ತಾಗಿ ಅದು ಉರುಳಿಕೊಂಡೇ ಹೋಗುತ್ತದೆ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಒಂದು ದಿನ ನೇರ, ಇನ್ನೊಂದು ದಿನ ಬಲಕ್ಕೆ ಬಾಗಿ ಗಡಿ ದಾಟುತ್ತದೆ. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಈ ಹಂತ ದಾಟಿದವರು ಏನು ಮಾಡಿದಿರಿ? ಬೇಜಾರಿನಲ್ಲೇ ಕೇಳುತ್ತಿದ್ದೇನೆ, ದಯವಿಟ್ಟು ನಿಮ್ಮ ಅನುಭವ ಹೇಳಿ.

ಹ್ಯಾಂಡಿಕ್ಯಾಪ್ 12, ಹನ್ನೊಂದು ವರ್ಷದ ಆಟ

ನೀವು ಬರೆದಿದ್ದು ಓದುವಾಗ ನನ್ನ ಹಳೆಯ ದಿನಗಳೇ ನೆನಪಾದವು. ಇದೇ ಜಾಗದಲ್ಲಿ ನಾನು ಮೂರು ವರ್ಷ ಸಿಕ್ಕಿಹಾಕಿಕೊಂಡಿದ್ದೆ. ಸ್ಕೋರ್ ಕೆಟ್ಟ ದಿನವೆಲ್ಲ ಸ್ವಿಂಗ್ ರಿಪೇರಿಗೆ ಕೂರುತ್ತಿದ್ದೆ. ಹೊಡೆತಗಳು ನಿಜವಾಗಿ ಎಲ್ಲಿ ಹೋಗುತ್ತಿವೆ ಅಂತ ಒಮ್ಮೆಯೂ ಎಣಿಸಿರಲಿಲ್ಲ. ಕಳೆದುಕೊಂಡಲ್ಲೇ ಹುಡುಕಬೇಕು, ಅಲ್ವಾ?

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಡಬಲ್ ಬೋಗಿ (ಹೋಲಿನ ಪಾರ್‌ಗಿಂತ ಎರಡು ಹೊಡೆತ ಜಾಸ್ತಿ) ಅಥವಾ ಅದಕ್ಕಿಂತ ಕೆಟ್ಟದ್ದು ಬಂದಾಗೆಲ್ಲ ಕಾರ್ಡಿನ ಹಿಂದೆ ಒಂದೇ ಒಂದು ಸಾಲು ಬರೆಯುವುದು. ಯಾಕೆ ಬಂತು, ಅಷ್ಟೇ. ಹತ್ತು ರೌಂಡ್ ಆದ ಮೇಲೆ ಎಲ್ಲಾ ಕಾರ್ಡು ಹರಡಿಕೊಂಡು ಕೂತೆ. ಕೆಟ್ಟ ಸ್ವಿಂಗ್ ಒಂದರಿಂದಲೇ ಡಬಲ್ ಆಗಿದ್ದು ತುಂಬಾ ಕಡಿಮೆ. ಜಾಸ್ತಿ ಕಡೆ ಒಂದು ಕೆಟ್ಟ ಹೊಡೆತ, ಅದರ ಹಿಂದೆಯೇ ಒಂದು ಕೆಟ್ಟ ತೀರ್ಮಾನ.

ಒಂದು ಹೋಲ್ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 12ನೆಯದು, ಪಾರ್ 4. ಡ್ರೈವ್ ಬಲಕ್ಕೆ ಮರಗಳ ಕೆಳಗೆ ಹೋಯಿತು. ಎರಡು ಕಾಂಡಗಳ ನಡುವೆ ಎರಡು ಮಾರಿನಷ್ಟು ಸಂದು, ಅದರಾಚೆ ಗ್ರೀನ್ (ತೂತಿರುವ ನುಣುಪು ಹುಲ್ಲಿನ ಜಾಗ) ಕಾಣುತ್ತಿತ್ತು. 6 ಐರನ್ ತೆಗೆದೆ. ಚೆಂಡು ಎಡಗಡೆ ಕಾಂಡಕ್ಕೆ ಟಕ್ ಅಂತ ಬಡಿದು, ನನ್ನ ಕಾಲಿನ ಪಕ್ಕದಲ್ಲೇ ಹಾದು ಇನ್ನೂ ಹಿಂದಕ್ಕೆ ಹೋಯಿತು. ಸಿಟ್ಟು ಬಂತು. ಮತ್ತೆ ಅದೇ ಸಂದಿಗೇ ಹೊಡೆದೆ. ಕೊನೆಗೆ ಬರೆದಿದ್ದು 8. ಎರಡನೇ ಹೊಡೆತವನ್ನೇ ಅಡ್ಡಕ್ಕೆ, ಹದಿನೈದು ಗಜ ದೂರದಲ್ಲಿ ಹುಲ್ಲು ಕತ್ತರಿಸಿದ ದಾರಿಯಾದ ಫೇರ್‌ವೇಗೆ ಸುಮ್ನೆ ತಳ್ಳಿದ್ದರೆ 5 ಆಗುತ್ತಿತ್ತು, ತೀರಾ ಕೆಟ್ಟರೆ 6.

ಅವತ್ತಿನಿಂದ ಮರದ ಕೆಳಗೆ ಹೋದರೆ ಗ್ರೀನ್ ಕಡೆ ನೋಡುವುದೇ ಇಲ್ಲ. ಸಲೀಸಾಗಿ ಹೊರಗೆ ಬರುವ ದಾರಿ ಯಾವುದು ಅಂತ ಮಾತ್ರ ನೋಡುತ್ತೇನೆ.

ಎರಡನೆಯದು ಟೀ, ಹೋಲಿನ ಮೊದಲ ಹೊಡೆತದ ಜಾಗ. ನಿಮ್ಮ ಡ್ರೈವರ್ ಎಷ್ಟು ಅಗಲಕ್ಕೆ ಹರಡುತ್ತದೆ ಅಂತ ಗೊತ್ತಿದೆಯಾ? ರೇಂಜಿನಲ್ಲಿ ಒಂದೇ ಗುರಿಗೆ ಮೂವತ್ತು ಚೆಂಡು ಹೊಡೆದು, ಅತಿ ಎಡಕ್ಕೆ ಬಿದ್ದದ್ದು ಮತ್ತು ಅತಿ ಬಲಕ್ಕೆ ಬಿದ್ದದ್ದು ನೋಡಿಕೊಳ್ಳಿ. ನನ್ನದು ಸುಮಾರು 60 ಗಜ ಇತ್ತು. ನೋಡಿ ಗಾಬರಿಯಾಯಿತು. ಆದರೆ ಲೆಕ್ಕ ಹಾಕಿ. ಚೆಂಡು ಗುರಿಯಿಂದ 1 ಡಿಗ್ರಿ ತಪ್ಪಿ ಹೊರಟರೂ 200 ಗಜ ದೂರದಲ್ಲಿ ಮೂರೂವರೆ ಗಜ ಆಚೆ ಇರುತ್ತದೆ. 5 ಡಿಗ್ರಿ ತಪ್ಪಿದರೆ ಹದಿನೇಳು ಗಜಕ್ಕೂ ಜಾಸ್ತಿ. ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗುವುದು, ಇದರ ಮೇಲೆ. ನಮ್ಮಂಥವರಿಗೆ 60 ಗಜ ಸಹಜ. ಆ ಬೀಸಣಿಗೆ ಗಡಿಯೊಳಗೆ ಕೂರುವ ಹೋಲಿನಲ್ಲಿ ಡ್ರೈವರ್ ತೆಗೆಯುತ್ತೇನೆ. ಕೂರದಿದ್ದರೆ ಹೈಬ್ರಿಡ್, ಅಷ್ಟು ದೂರ ಹೋಗದಿದ್ದರೂ ಹಿಡಿತಕ್ಕೆ ಸಿಗುವ ಕ್ಲಬ್.

ಸ್ವಿಂಗ್ ಬದಲಾಯಿಸದೆ, ಇಷ್ಟರಿಂದಲೇ ಒಂದು ಸೀಸನ್ನಿನಲ್ಲಿ ನನ್ನ ಮೂರಂಕಿ ಸ್ಕೋರುಗಳು ನಿಂತವು.

ಕ್ಲಬ್ಬಿನಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕ ನೋಡಿಕೊಳ್ಳುವವರು

87 ನಿಮ್ಮ ನಿಜವಾದ ಆಟ, 103 ಏನೋ ಅಪಘಾತ ಅಂತ ಅಂದುಕೊಂಡ ಹಾಗಿದೆ. ಎರಡೂ ನಿಮ್ಮದೇ ಆಟ.

2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಕೊನೆಯ 20 ರೌಂಡುಗಳಲ್ಲಿ ಅತಿ ಒಳ್ಳೆಯ 8ನ್ನು ಮಾತ್ರ ತೆಗೆದುಕೊಂಡು ಸರಾಸರಿ ಮಾಡುತ್ತದೆ. ಉಳಿದ 12 ಲೆಕ್ಕಕ್ಕೇ ಇಲ್ಲ. ಅಂದರೆ ಹ್ಯಾಂಡಿಕ್ಯಾಪ್ ಹೇಳುವುದು ನಿಮ್ಮ ಒಳ್ಳೆಯ ದಿನಗಳ ಆಟವನ್ನು. 20 ಇದ್ದವರು ಪ್ರತಿ ವಾರ 92ರ ಹತ್ತಿರ ಹೊಡೆಯಲೇಬೇಕು ಅಂತ ಹೊರಟರೆ ಬಹುಪಾಲು ವಾರ ಬೇಜಾರಿನಲ್ಲೇ ಮನೆಗೆ ಹೋಗಬೇಕಾಗುತ್ತದೆ.

ವೃತ್ತಿಪರರಿಗೂ ಇದು ತಪ್ಪಿದ್ದಲ್ಲ. 2016ರ ಟ್ರಾವೆಲರ್ಸ್ ಚಾಂಪಿಯನ್‌ಶಿಪ್‌ನಲ್ಲಿ ಜಿಮ್ ಫ್ಯೂರಿಕ್ ಶನಿವಾರ 72 ಹೊಡೆದರು. ಮಾರನೇ ದಿನ ಅದೇ ಕೋರ್ಸಿನಲ್ಲಿ 58. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಅದಕ್ಕೂ ಮೊದಲು ಯಾರೂ 58 ಹೊಡೆದಿರಲಿಲ್ಲ. ಒಂದು ರಾತ್ರಿಯಲ್ಲಿ 14 ಹೊಡೆತದ ವ್ಯತ್ಯಾಸ! ನಿಮ್ಮದು ಒಂದು ವಾರದಲ್ಲಿ 16.

ಹ್ಯಾಂಡಿಕ್ಯಾಪ್ 16, ಫ್ಯಾಟ್ (ಮೊದಲು ನೆಲಕ್ಕೆ ಬಡಿಯುವ) ಹೊಡೆತದಿಂದ ತುಂಬಾ ನೊಂದವರು

ನೆಲಕ್ಕೆ ಬಡಿಯುವುದು, ತಲೆಗೆ ತಾಗುವುದು ಎರಡು ಬೇರೆ ಕಾಯಿಲೆ ಅಂತ ನಾನೂ ವರ್ಷಗಟ್ಟಲೆ ನಂಬಿದ್ದೆ. ಬಹಳ ಸಲ ಎರಡರ ಮೂಲ ಒಂದೇ. ಸ್ವಿಂಗಿನ ವೃತ್ತದ ಅತಿ ತಗ್ಗಿನ ಜಾಗ ಚೆಂಡಿಗಿಂತ ಹಿಂದೆ ಇರುತ್ತದೆ. ಆಗ ಕ್ಲಬ್ ಒಂದೋ ಮೊದಲು ನೆಲಕ್ಕೆ ತಾಗುತ್ತದೆ, ಇಲ್ಲ ನೆಲ ತಪ್ಪಿಸಿಕೊಂಡು ಮೇಲೇಳುತ್ತಾ ಚೆಂಡಿನ ಹೊಟ್ಟೆಗೋ ತಲೆಗೋ ತಾಗುತ್ತದೆ. ಐರನ್‌ನಲ್ಲಿ ಆ ತಗ್ಗು ಚೆಂಡಿನ ಮುಂದೆ ಇರಬೇಕು.

ರೇಂಜಿನಲ್ಲಿ ಚೆನ್ನಾಗಿ ಬರುತ್ತದೆ ಅಂದಿರಲ್ಲ, ಅಲ್ಲಿ ಮ್ಯಾಟ್ ಮೇಲೆ ಹೊಡೆಯುತ್ತೀರಾ? ಮ್ಯಾಟ್ ಈ ತಪ್ಪನ್ನು ಮುಚ್ಚಿಹಾಕುತ್ತದೆ. ಎರಡು ಇಂಚು ಹಿಂದೆ ಬಡಿದರೂ ಕ್ಲಬ್ ಜಾರಿಕೊಂಡು ಹೋಗಿ ಚೆಂಡನ್ನು ಎತ್ತಿಬಿಡುತ್ತದೆ. ಹುಲ್ಲಿನ ಮೇಲೆ ಅದೇ ಸ್ವಿಂಗ್ ಮಾಡಿದರೆ ಕ್ಲಬ್ ಮಣ್ಣಿನಲ್ಲಿ ಹೂತುಹೋಗುತ್ತದೆ.

ನಾನು ಮಾಡಿದ್ದು ಇಷ್ಟು. ಅಭ್ಯಾಸದ ಬಂಕರ್‌ನ ಮರಳಿನಲ್ಲಿ ಒಂದು ನೇರ ಗೆರೆ ಎಳೆದೆ. ಗೆರೆಯ ಎರಡೂ ಕಡೆ ಕಾಲಿಟ್ಟು ನಿಂತು, ಚೆಂಡು ಇಲ್ಲದೆ ಹತ್ತು ಸ್ವಿಂಗ್. ಪ್ರತಿ ಸಲ ಒಂದು ಹೆಜ್ಜೆ ಮುಂದೆ ಸರಿದು ಮರಳಿನ ಗುರುತು ನೋಡಿದೆ. ಅದು ಗೆರೆಯಲ್ಲಿ ಶುರುವಾಗಿ ಗುರಿಯ ಕಡೆ ಹೋಗಬೇಕು. ಮೊದಲ ದಿನ ಹತ್ತರಲ್ಲಿ ಎಂಟು ಗುರುತು ಗೆರೆಯ ಹಿಂದೆಯೇ ಇದ್ದವು! ಕಾರಣ ಸರಳ, ಭಾರವೆಲ್ಲ ಬಲಗಾಲಿನ ಮೇಲೇ ಉಳಿಯುತ್ತಿತ್ತು. ಸ್ವಿಂಗ್ ಮುಗಿದ ಮೇಲೆ ಎಡಗಾಲಿನ ಮೇಲೆ ನಿಂತು, ಬಲಗಾಲಿನ ತುದಿ ಮಾತ್ರ ನೆಲಕ್ಕೆ ತಾಗಿಸಿ, ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಲು ಶುರು ಮಾಡಿದೆ. ಆರು ವಾರ ಹಿಡಿಯಿತು. ಎಡಗೈ ಆಟಗಾರರಾದರೆ ಕಾಲು ಅದಲುಬದಲು ಮಾಡಿಕೊಳ್ಳಿ.

ಹ್ಯಾಂಡಿಕ್ಯಾಪ್ 15, ಸ್ಲೈಸ್‌ನಿಂದ ಹೊರಬಂದವರು

ಮೊದಲ ಉತ್ತರ ಬರೆದವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಸ್ಲೈಸ್ ಹಾಗೇ ಇದ್ದರೆ ಜಾಣತನದಿಂದ ಸ್ವಲ್ಪ ದೂರ ಹೋಗಬಹುದು, ಅಷ್ಟೇ. ಒಬ್ಬ ಕೋಚ್ ಹತ್ತಿರ ಹೋಗಿ. ಒಬ್ಬರೇ, ಕಡಿಮೆ ಅಂದರೂ ನಾಲ್ಕು ತಿಂಗಳು. ನಾನು ಒಂದೇ ವರ್ಷದಲ್ಲಿ ಇಬ್ಬರು ಕೋಚ್, ಲೆಕ್ಕವಿಲ್ಲದಷ್ಟು ವಿಡಿಯೋ ಹಿಡಿದುಕೊಂಡು ಗ್ರಿಪ್ ಮೂರು ಸಲ ಬದಲಾಯಿಸಿದ್ದೆ. ಯಾವುದೂ ಕೈಗೆ ಕೂರಲಿಲ್ಲ.

ಒಂದು ವಿಷಯ ತಿಳಿದ ಮೇಲೆ ಎಲ್ಲಾ ಸುಲಭವಾಯಿತು. ಚೆಂಡು ಯಾವ ಕಡೆ ಹೊರಡುತ್ತದೆ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ತಾಗುವ ಹೊತ್ತಿನಲ್ಲಿ ಕ್ಲಬ್ಬಿನ ಮುಖ ನೋಡುತ್ತಿರುವ ದಿಕ್ಕು. ಆ ಮುಖಕ್ಕೂ ಕ್ಲಬ್ ಬೀಸಿದ ದಾರಿಗೂ ಇರುವ ವ್ಯತ್ಯಾಸದಿಂದ ಚೆಂಡು ಬಾಗುತ್ತದೆ. ಹಾಗಾಗಿ ಚೆಂಡು ಎಲ್ಲಿ ಬಿತ್ತು ಅಂತ ಮಾತ್ರ ನೋಡಬೇಡಿ, ಹೊರಟಿದ್ದು ಎಲ್ಲಿಗೆ ಅಂತಲೂ ನೋಡಿ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗಿದರೆ ಮುಖ ತೆರೆದಿದೆ. ಮೊದಲು ಗ್ರಿಪ್ ನೋಡಿಕೊಳ್ಳಿ.

ನನ್ನ ಗ್ಲೌಸ್ ಯಾವಾಗಲೂ ಒಂದೇ ಕಡೆ ತೂತಾಗುತ್ತಿತ್ತು, ಅಂಗೈಯ ಬುಡದಲ್ಲಿ, ಕಿರುಬೆರಳಿನ ಕೆಳಗೆ. ಗ್ಲೌಸೇ ಸರಿಯಿಲ್ಲ ಅಂತ ಬೇರೆ ಬೇರೆ ತಗೊಂಡೆ. ಕೋಚ್ ಅದನ್ನು ಕೈಯಲ್ಲಿ ಹಿಡಿದು ನೋಡಿದ ಕೂಡಲೇ ಹೇಳಿದರು, ಹಿಡಿ ಬೆರಳುಗಳಲ್ಲಿ ಕೂರುತ್ತಿಲ್ಲ, ಅಂಗೈಯಲ್ಲಿ ಕೂತು ಪ್ರತಿ ಸ್ವಿಂಗಿನಲ್ಲೂ ತಿರುಗುತ್ತಿದೆ ಅಂತ. ಹಿಡಿಯನ್ನು ಬೆರಳಿನ ಬುಡಕ್ಕೆ ಇಳಿಸಿ, ಮೇಲಿಂದ ನೋಡಿದರೆ ಎಡಗೈಯ ಎರಡೂವರೆ ಗೆಣ್ಣು ಕಾಣುವ ಹಾಗೆ ತಿರುಗಿಸಿದರು. ಮೊದಲ ಎರಡು ವಾರ ಬೇರೆಯವರ ಕೈಯಿಂದ ಆಡಿದಂತಿತ್ತು, ಎಲ್ಲಾ ಚೆಂಡು ಎಡಕ್ಕೆ. ಆಮೇಲೆ ಕೈ ಹೊಂದಿಕೊಂಡಿತು. ಈಗ ಅಂಗೈಯ ಬುಡ ಸವೆಯುತ್ತಿಲ್ಲ.

ಹ್ಯಾಂಡಿಕ್ಯಾಪ್ 9

ರೇಂಜಿನಲ್ಲಿ 7 ಐರನ್ ಹೇಳಿದ ಮಾತು ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ಕ್ಲಬ್ಬಿನಲ್ಲಿ ಸಾಲಾಗಿ ಹೊಡೆಯುತ್ತೀರಿ. ಹತ್ತನೇ ಚೆಂಡಿನ ಹೊತ್ತಿಗೆ ಕೈಗೆ ಲಯ ಸಿಕ್ಕಿರುತ್ತದೆ. ಕೋರ್ಸಿನಲ್ಲಿ ಆ ಹತ್ತನೇ ಚೆಂಡು ಯಾರೂ ಕೊಡುವುದಿಲ್ಲ. ಎಲ್ಲವೂ ಮೊದಲನೇ ಚೆಂಡೇ.

ಚಲನೆ ಕಲಿಯುವುದರ ಬಗ್ಗೆ ಶೇ ಮತ್ತು ಮಾರ್ಗನ್ 1979ರಲ್ಲಿ ಒಂದು ಪ್ರಯೋಗ ಮಾಡಿದ್ದರು, ಗಾಲ್ಫಿನಲ್ಲಿ ಅಲ್ಲ, ಕೈ ಚಲನೆಯ ಪಾಠಗಳಲ್ಲಿ. ಒಂದೇ ಪಾಠವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಆಮೇಲೆ ಪರೀಕ್ಷೆ ಮಾಡಿದಾಗ, ಪಾಠಗಳನ್ನು ಬೆರೆಸಿ ಅಭ್ಯಾಸ ಮಾಡಿದವರಲ್ಲೇ ಕಲಿತದ್ದು ಚೆನ್ನಾಗಿ ಉಳಿದಿತ್ತು.

ನಾನು 20 ಚೆಂಡು ಮೈ ಬಿಸಿ ಮಾಡಿಕೊಳ್ಳಲು ಹೊಡೆಯುತ್ತೇನೆ. ಉಳಿದದ್ದರಲ್ಲಿ ಮನಸ್ಸಿನಲ್ಲೇ ನನ್ನ ಕೋರ್ಸ್ ಆಡುತ್ತೇನೆ. ಮೊದಲ ಹೋಲಿಗೆ ಡ್ರೈವರ್, ಆಮೇಲೆ 8 ಐರನ್. ಗ್ರೀನ್ ತಪ್ಪಿತು ಅನ್ನಿಸಿದರೆ ವೆಡ್ಜ್, ಹತ್ತಿರದ ಹೊಡೆತದ ಕ್ಲಬ್. ಪ್ರತಿ ಚೆಂಡಿಗೂ ಹಿಂದೆ ಹೋಗಿ ಗುರಿ ನೋಡಿ ಬರುವುದು. ಹೀಗೆ ಆಡಿದರೆ ರೇಂಜಿನಲ್ಲಿ ಹೊಡೆತಗಳು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತವೆ. ಅದಕ್ಕೆ ಹೆದರಿ ಬಿಡಬೇಡಿ.

ಹ್ಯಾಂಡಿಕ್ಯಾಪ್ 18, ಪಟ್ಟಿಂಗ್ (ಗ್ರೀನ್ ಮೇಲೆ ಚೆಂಡನ್ನು ತೂತಿನ ಕಡೆ ಉರುಳಿಸುವುದು) ಬಗ್ಗೆ ಎರಡು ಮಾತು

ಗ್ರೀನ್ ಸುತ್ತಮುತ್ತಲಿನ ಆಟವೇ ಎಲ್ಲ ಅಂತ ನಿಮಗೆ ಯಾರಾದರೂ ಹೇಳೇ ಹೇಳುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ ಅವರು ಲೆಕ್ಕ ಹಾಕಿದಾಗ, ಒಳ್ಳೆಯ ಆಟಗಾರರಿಗೂ ಉಳಿದವರಿಗೂ ಇರುವ ಸ್ಕೋರಿನ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ 100 ಗಜಕ್ಕಿಂತ ದೂರದ ಹೊಡೆತಗಳಿಂದ ಬರುತ್ತದೆ ಅಂತ ಕಂಡಿತು. ಹಾಗಾಗಿ ಐರನ್ ಅಭ್ಯಾಸ ಬಿಟ್ಟು ಪಟ್ಟಿಂಗ್‌ನಲ್ಲೇ ಮುಳುಗಬೇಡಿ.

ಪಟ್ಟಿಂಗ್‌ಗೆ ಇರುವ ಸಮಯವನ್ನು 30 ಅಡಿ ದೂರದವಕ್ಕೆ ಕೊಡಿ. ತೂತಿನ ಅಗಲ ನಾಲ್ಕೂಕಾಲು ಇಂಚು, ಅಷ್ಟು ದೂರದಿಂದ ಅದರೊಳಗೆ ಹಾಕುವ ಆಸೆ ಬೇಡ. ಒಂದು ಮಾರಿನೊಳಗೆ ನಿಲ್ಲಿಸಿದರೆ ಮೂರು ಪಟ್ ಹೊಡೆಯುವುದು ತಪ್ಪುತ್ತದೆ. 8 ಅಡಿಯಿಂದ ಟೂರ್ ಆಟಗಾರರೇ ಹಾಕುವುದು ಸುಮಾರು ಅರ್ಧದಷ್ಟು. ಅದು ತಪ್ಪಿದ್ದಕ್ಕೆ ಬೇಜಾರು ಮಾಡಿಕೊಂಡು ಮುಂದಿನ ಟೀಗೆ ಹೋಗಬೇಡಿ.

ಅರವತ್ತು ದಾಟಿದವರು, ಹ್ಯಾಂಡಿಕ್ಯಾಪ್ 22

ನಿಮ್ಮ ಕೆಟ್ಟ ಹೋಲುಗಳು ಎಷ್ಟನೇ ಹೋಲಿನಿಂದ ಶುರುವಾಗುತ್ತವೆ ಅಂತ ನೋಡಿ. ನನಗೆ 13ರ ನಂತರ. ಸುಸ್ತಾದಾಗ ಸ್ವಿಂಗ್ ಅವಸರದ್ದಾಗುತ್ತದೆ, ಆದರೆ ನಮಗೆ ಗೊತ್ತೇ ಆಗುವುದಿಲ್ಲ. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಮೇಲೆ ಹೋಗಲು ಬೇಕಾಗುವ ಸಮಯ ಕೆಳಗೆ ಬರುವ ಸಮಯದ ಸುಮಾರು ಮೂರು ಪಟ್ಟು. ನಾನು ಮನಸ್ಸಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಿ ಮೇಲೆ ತಗೊಂಡು, ನಾಲ್ಕಕ್ಕೆ ಹೊಡೆಯುತ್ತೇನೆ. ಬಾಯಾರುವ ಮೊದಲೇ ನೀರು ಕುಡಿಯುತ್ತೇನೆ. ನನಗೆ ಇಷ್ಟೇ ಸಾಕಾಯಿತು.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮೊದಲ ಉತ್ತರ ಓದಿ ಎರಡೂ ಕಾರ್ಡು ಹುಡುಕಿ ಪಕ್ಕಪಕ್ಕ ಇಟ್ಟೆ. 87ರಲ್ಲಿ 5 ಪಾರ್, 11 ಬೋಗಿ (ಪಾರ್‌ಗಿಂತ ಒಂದು ಜಾಸ್ತಿ), 2 ಡಬಲ್. 103ರಲ್ಲಿ 4 ಪಾರ್, 5 ಬೋಗಿ, 3 ಡಬಲ್, 4 ಟ್ರಿಪಲ್, ಮತ್ತೆ ಎರಡು ಕಡೆ ಪಾರ್‌ಗಿಂತ ನಾಲ್ಕು ಜಾಸ್ತಿ. ಪಾರ್‌ಗಳಲ್ಲಿ ಒಂದೇ ಒಂದರ ವ್ಯತ್ಯಾಸ! ಆ ದಿನ ನನ್ನ ಕೈಯಲ್ಲಿ ಏನೂ ಬರುತ್ತಿರಲಿಲ್ಲ ಅಂತಲೇ ಇಷ್ಟು ದಿನ ನಂಬಿದ್ದೆ.

4ನೇ ಹೋಲ್ ಪಾರ್ 4, ಬಲಗಡೆ ಉದ್ದಕ್ಕೂ ಔಟ್ ಆಫ್ ಬೌಂಡ್ಸ್. ಅಲ್ಲಿ 8 ಬರೆದಿದ್ದೇನೆ. ಡ್ರೈವರ್‌ನಿಂದ ಸಾಲಾಗಿ ಎರಡು ಚೆಂಡು ಗಡಿ ಆಚೆ, ಒಂದೊಂದಕ್ಕೂ ಒಂದು ದಂಡದ ಹೊಡೆತ. ಮೂರನೆಯದು ಫೇರ್‌ವೇಗೆ ಬಿತ್ತು, ಅಲ್ಲಿಂದ 7 ಐರನ್‌ನಲ್ಲಿ ಒಂದೇ ಹೊಡೆತಕ್ಕೆ ಗ್ರೀನ್, ಎರಡು ಪಟ್. ಆ 7 ಐರನ್ ಎಷ್ಟು ಚೆನ್ನಾಗಿ ಕೂತಿತ್ತು ಅಂತ ಈಗ ನೆನಪಾಗುತ್ತಿದೆ.

ಹೌದು, ನಮ್ಮ ರೇಂಜಿನಲ್ಲಿ ಇರುವುದು ಬರೀ ಮ್ಯಾಟ್. ಮರಳಿನ ಗೆರೆ ನಾಳೆಯೇ ಎಳೆಯುತ್ತೇನೆ. ಭಾನುವಾರ 4ನೇ ಟೀಯಲ್ಲಿ ಹೈಬ್ರಿಡ್ ತೆಗೆಯುತ್ತೇನೆ, ಗುರಿ ಎಡಗಡೆ ಬಂಕರ್‌ನ ಅಂಚಿಗೆ. ಕಾರ್ಡಿನ ಹಿಂದೆ ಏನು ಬರೆದೆ ಅಂತ ಆಡಿ ಬಂದು ತಿಳಿಸುತ್ತೇನೆ.