ಹೆಡ್‌ಲೈಟ್ ‘ಮಂಕಾಗಿದೆ’ ಎಂದರೆ ಏನಾಗಿದೆ?

ಬಂಧುಗಳೇ,

ಕಾರಿನ ಹೆಡ್‌ಲೈಟ್ ‘ಮಂಕಾಗಿದೆ’ ಎಂದು ಯಾರಾದರೂ ಹೇಳಿದರೆ ನಿಮಗೆ ಏನೆಂದು ಅರ್ಥವಾಗುತ್ತದೆ? ಕಳೆದ ವಾರ ತೀರ್ಥಹಳ್ಳಿಯಿಂದ ಭಾವ ಫೋನ್ ಮಾಡಿದ್ದರು. ಮರುದಿನ ರಾತ್ರಿ ಆಗುಂಬೆ ಘಾಟಿ ಇಳಿಯಬೇಕು, ಎಡಗಡೆಯ ಲೈಟು ಮಂಕಾಗಿದೆ ಎಂದರು. “ಬೆಳಕು ಕಡಿಮೆಯೋ ಭಾವ, ಗಾಜು ಮಬ್ಬೋ?” ಎಂದು ಕೇಳಿದರೆ, “ಮಂಕು ಎಂದರೆ ಮಂಕಪ್ಪ, ಇನ್ನು ಹೇಗೆ ಹೇಳಲಿ?” ಎಂದರು. ಈ ಒಂದು ಪದವನ್ನು ಬಿಡಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು.

ಗಾಜು ಚೊಕ್ಕವಾಗಿಯೇ ಇತ್ತು. ಬಲಗಡೆ ಬೆಳ್ಳಗೆ ಉರಿಯುತ್ತಿದ್ದರೆ ಎಡಗಡೆ ಕೆಂಪಗೆ ಉರಿಯುತ್ತಿತ್ತು. ಒಂದೇ ಕಡೆ ಹೀಗಾದರೆ ನಾನು ಮೊದಲು ನೋಡುವುದು ಅರ್ಥ್ ತಂತಿಯನ್ನು, ಅಂದರೆ ದೀಪದ ಕರೆಂಟನ್ನು ಕಾರಿನ ಮೈಗೆ ಮರಳಿಸುವ ತಂತಿಯನ್ನು. ಅದರ ತುದಿಯ ಬೋಲ್ಟ್ ಬಿಚ್ಚಿ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿ ಮಾಡಿದ ಮೇಲೆ ಎರಡೂ ಸಮನಾದವು. ಮೆಕ್ಯಾನಿಕ್‌ಗಳು ಇದಕ್ಕೆ ‘ಅರ್ಥ್ ಸಿಗುತ್ತಿಲ್ಲ’ ಎನ್ನುತ್ತಾರೆ. ಅಚ್ಚುಕಟ್ಟಾದ ಮಾತು, ಅದನ್ನು ಬದಲಿಸಬೇಕೆಂದು ನನಗೆ ಅನ್ನಿಸುವುದಿಲ್ಲ.

ನನ್ನನ್ನು ಕಾಡುತ್ತಿರುವುದು ಗಾಜಿನ ಮಬ್ಬು. ಗಾಜು ಎನ್ನುತ್ತೇವೆ, ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಮೇಲಿನ ಲೇಪ ಸವೆದು, ಕೆಳಗಿನ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಬಲ್ಬ್ ಎಷ್ಟು ಹೊಸದಾದರೂ ಬೆಳಕು ಚೆದುರಿಹೋಗುತ್ತದೆ. ಇದಕ್ಕೆ ‘ಪೊರೆ’ ಎಂದರೆ ಹೇಗೆ? ಕಣ್ಣಿಗೆ ಪೊರೆ ಬಂದ ಹಾಗೆ ದೀಪಕ್ಕೂ ಬಂದಿದೆ. ಹಾವು ಪೊರೆ ಕಳಚುವಂತೆ ಇಲ್ಲಿಯೂ ಕೆಟ್ಟ ಮೇಲ್ಪದರವನ್ನು ನೀರು ಹಾಕಿ ಉಜ್ಜಿ ತೆಗೆಯುತ್ತೇವೆ. ಆಮೇಲೆ ಹೊಸ ಲೇಪ ಕೊಡದಿದ್ದರೆ ಪೊರೆ ಮತ್ತೆ ಬರುತ್ತದೆ. ಒಳಗಡೆ ನೀರಿನ ಹನಿ ಕಟ್ಟಿದ್ದರೆ ಮಾತ್ರ ‘ಬೆವರಿದೆ’ ಎನ್ನಬೇಕು. ಅದು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ನೀರು ನುಗ್ಗುವ ಸಂದನ್ನೇ ಹುಡುಕಬೇಕು.

‘ಡಿಮ್’ ಪದವಂತೂ ಇನ್ನೂ ತೊಡಕಿನದು. ಎದುರಿನಿಂದ ಬರುವವರಿಗೆ ‘ಡಿಮ್ ಮಾಡಿ’ ಎಂದರೆ ಬೆಳಕನ್ನು ಕುಗ್ಗಿಸಿ ಎಂದಲ್ಲ, ತಗ್ಗಿಸಿ ಎಂದು. ಹಲವು ಕಾರುಗಳ ಹೆಡ್‌ಲೈಟಿನಲ್ಲಿರುವ ಎಚ್4 ಎಂಬ ಬಗೆಯ ಬಲ್ಬಿನಲ್ಲಿ ಉರಿಯುವ ಎಳೆಗಳು (ಫಿಲಮೆಂಟ್) ಎರಡಿರುತ್ತವೆ. ಸಾಮಾನ್ಯವಾಗಿ ಮೇಲಿನ ಬೆಳಕಿಗೆ (ಹೈ ಬೀಮ್) 60 ವ್ಯಾಟ್, ಕೆಳಗಿನದಕ್ಕೆ (ಲೋ ಬೀಮ್) 55. ವ್ಯತ್ಯಾಸ ಬರೀ 5 ವ್ಯಾಟ್, ಬದಲಾಗುವುದು ಮುಖ್ಯವಾಗಿ ದಿಕ್ಕು. ಆದ್ದರಿಂದ ‘ಡಿಮ್ ಹೋಗಿದೆ’ ಎಂದರೆ ಕೆಳಗಿನ ಬೆಳಕು ಬರುತ್ತಿಲ್ಲ ಎಂದು. ಒಂದೇ ಕಡೆ ಹಾಗಾಗಿದ್ದರೆ ಎಳೆ ಕಡಿದಿರುವ ಸಂಭವ ಹೆಚ್ಚು, ಬಲ್ಬನ್ನೇ ಬದಲಿಸಬೇಕು. ‘ಡಿಮ್ ಆಗಿದೆ’ ಎನ್ನುವವರು ಹೇಳುತ್ತಿರುವುದು ಬೇರೆಯೇ ದೋಷ, ಬೆಳಕು ಕುಗ್ಗಿದೆ ಎಂದು. ಒಂದು ಕ್ರಿಯಾಪದ ತಪ್ಪಿದರೆ ಬೇಡದ ಬಲ್ಬಿಗೆ ದುಡ್ಡು ಹೋಗುತ್ತದೆ.

ಧಾರವಾಡ, ಮಂಗಳೂರು, ಕೋಲಾರದ ಕಡೆಯವರು ದಯವಿಟ್ಟು ತಿಳಿಸಿ: ಬಲ್ಬ್ ಸೊರಗುವುದಕ್ಕೂ ಗಾಜು ಹಳದಿಯಾಗುವುದಕ್ಕೂ ನಿಮ್ಮಲ್ಲಿ ಬೇರೆ ಬೇರೆ ಮಾತುಗಳಿವೆಯೇ? ದೀಪಕ್ಕೆ ‘ಪೊರೆ ಬಂದಿದೆ’ ಎಂದು ಗ್ಯಾರೇಜಿನಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?