ಯುರೇನಸ್ ದುಂಡಗೆ ಕಾಣದೆ ಮುದ್ದೆಯಾಗುತ್ತಿದೆ: ದೂರದರ್ಶಕದಲ್ಲಿ ದೋಷವಿದೆಯೇ?

ತಾರಸಿವಾಸಿ:
ಬೆಂಗಳೂರಿನ ನಮ್ಮ ಮನೆಯ ತಾರಸಿಯಿಂದ, ಕೃತ್ತಿಕೆಯ ಸಮೀಪದಲ್ಲಿರುವ ಯುರೇನಸ್ ಅನ್ನು ಕಷ್ಟಪಟ್ಟು ಹುಡುಕಿದ್ದೇನೆ. ವರ್ಧನೆಯನ್ನು ಎಷ್ಟೇ ಏರಿಸಿದರೂ ಅದು ಅಂಚಿಲ್ಲದ ಬೂದು ಮುದ್ದೆಯಾಗಿ ಹಿಗ್ಗುತ್ತದೆಯೇ ಹೊರತು ದುಂಡಗಿನ ಬಿಂಬವಾಗುವುದಿಲ್ಲ. ಗುರುಗ್ರಹದ ಪಟ್ಟಿಗಳು ಮಾತ್ರ ಚೆನ್ನಾಗಿಯೇ ಕಾಣುತ್ತವೆ. ದಯವಿಟ್ಟು ಪರಿಹಾರ ತಿಳಿಸಿ, ಬೇಸತ್ತು ಹೋಗಿದ್ದೇನೆ.

ಕನ್ನಡಿಗಾರ:
ಇದು ಕಾಲಿಮೇಷನ್ (ಕನ್ನಡಿ-ಮಸೂರಗಳ ನೇರ ಜೋಡಣೆ) ದೋಷವೇ, ಸಂದೇಹ ಬೇಡ. ಪ್ರಖರವಾದ ನಕ್ಷತ್ರವೊಂದನ್ನು ಫೋಕಸ್ ತಪ್ಪಿಸಿ ನೋಡಿ. ಉಂಗುರಗಳು ಒಂದೇ ಕೇಂದ್ರದ ಸುತ್ತ ಇರದಿದ್ದರೆ ಮೊದಲು ಚಿಕ್ಕ ಕನ್ನಡಿಯನ್ನು, ಬಳಿಕ ಪ್ರಧಾನ ಕನ್ನಡಿಯ ಹಿಂದಿನ ತಿರುಪುಗಳನ್ನು ಹೊಂದಿಸಿ.

ತಾರಸಿವಾಸಿ:
ನನ್ನದರಲ್ಲಿ ಕನ್ನಡಿಯಿಲ್ಲ, ಮುಂದೆ 70 ಮಿ.ಮೀ. ಮಸೂರವಿದೆ. ಸಂಗಮದೂರ 700 ಮಿ.ಮೀ. ಜೊತೆಗೆ ಬಂದ 4 ಮಿ.ಮೀ. ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರ) ವರ್ಧನೆಯನ್ನು 3 ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರ ಸೇರಿಸಿದ್ದೇನೆ.

ಕನ್ನಡಿಗಾರ:
ಮಸೂರವೂ ಓರೆಯಾಗಿ ಕೂತಿರಬಹುದು. ನಕ್ಷತ್ರ ಪರೀಕ್ಷೆ ಮಾಡದೆ ಮುಂದಿನ ಮಾತೆಲ್ಲ ವ್ಯರ್ಥ.

ಅಲೆಬೆಳಕು:
ಕೇಳಬೇಕಾದದ್ದು ಈಗ ಬಂತು. ನೀವು ಬಳಸುತ್ತಿರುವುದು 525 ಪಟ್ಟು ವರ್ಧನೆ, 70 ಮಿ.ಮೀ. ಮಸೂರಕ್ಕೆ ಸುಮಾರು 140 ಪಟ್ಟನ್ನು ಮೀರಿದರೆ ಹೊಸ ವಿವರ ಸಿಗುವುದಿಲ್ಲ, ಮಸುಕಷ್ಟೇ ಹಿಗ್ಗುತ್ತದೆ. ಬೆಳಕಿನ ವಿವರ್ತನೆಯಿಂದಾಗಿ (ಕಿರಿದಾದ ಬಾಯಿಯ ಮೂಲಕ ಹಾಯುವಾಗ ಬೆಳಕು ಹರಡುವುದರಿಂದ) ಈ ವ್ಯಾಸದ ಮಸೂರವು ಬಿಂದುವಿನಂತಿರುವ ನಕ್ಷತ್ರವನ್ನೂ ಸುಮಾರು 4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಅಗಲದ ತಟ್ಟೆಯಾಗಿ ಹರಡುತ್ತದೆ. ಯುರೇನಸ್ ಅತಿ ಸಮೀಪದಲ್ಲಿದ್ದಾಗಲೂ ಅದರ ಅಗಲ ಸುಮಾರು 4 ಆರ್ಕ್‌ಸೆಕೆಂಡ್ ಮಾತ್ರ, ನೆಪ್ಚೂನಿನದು 2.3ರ ಆಸುಪಾಸು. ಹೀಗಾಗಿ ಯುರೇನಸ್ ಬಿಂಬದ ಅಂಚು ಆ ಹರಡಿದ ಮಸುಕಿನಲ್ಲೇ ಕರಗಿಹೋಗುತ್ತದೆ. ಗುರುವು 40ನ್ನೂ ದಾಟುವುದರಿಂದ ಅದರ ಪಟ್ಟಿಗಳು ನಿಮಗೆ ದಕ್ಕಿವೆ. 200 ಮಿ.ಮೀ. ಉಪಕರಣದಲ್ಲಿ ನಕ್ಷತ್ರದ ಆ ತಟ್ಟೆ 1.4ಕ್ಕೆ ಕುಗ್ಗುತ್ತದೆ.

ಕನ್ನಡಿಗಾರ:
1781ರಲ್ಲಿ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್ 932 ಪಟ್ಟಿನವರೆಗೂ ಹೋಗಿದ್ದರು. ನಿಮ್ಮ ಮಿತಿ ಅವರಿಗೆ ತಿಳಿದಿರಲಿಲ್ಲವೆಂದು ತೋರುತ್ತದೆ!

ಅಲೆಬೆಳಕು:
ಅವರ ಕನ್ನಡಿ 6.2 ಇಂಚಿನದು, ಅಂದರೆ ಸುಮಾರು 157 ಮಿ.ಮೀ. ಮೊದಲು ನೋಡಿದ್ದು 227 ಪಟ್ಟಿನಲ್ಲಿ. ವರ್ಧನೆ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಅದು ದೊಡ್ಡದಾಗುತ್ತದೆಯೇ, ಅರ್ಥಾತ್ ನಕ್ಷತ್ರವಲ್ಲವೇ ಎಂದು ಪರೀಕ್ಷಿಸುವುದಕ್ಕಾಗಿ 932ಕ್ಕೆ ಏರಿಸಿದರು, ವಿವರ ಕಾಣಲೆಂದಲ್ಲ.

ಹತ್ತಿಂಚು:
ನನ್ನ 10 ಇಂಚಿನ ಡಾಬ್ಸೋನಿಯನ್‌ನಲ್ಲಿ (ಸರಳ ಪೀಠದ ಕನ್ನಡಿ ದೂರದರ್ಶಕ) ಯುರೇನಸ್‌ನ ತಿಳಿ ಹಸಿರು ಬಿಂಬ ಥಟ್ಟನೆ ಕಾಣುತ್ತದೆ. ಅದಕ್ಕೆ ನಾನೇ ತೇಗದ ಪೀಠ ಮಾಡಿಸಿದ್ದೇನೆ, ಚಿತ್ರ ಹಾಕಲೇ?

ಅಲೆಬೆಳಕು:
ಪೀಠಕ್ಕೆ ಬೇರೆ ಚರ್ಚೆ ತೆರೆಯಿರಿ. ತಾರಸಿವಾಸಿಯವರೇ, 20 ಮಿ.ಮೀ. ಐಪೀಸ್ ಇದ್ದರೆ ಅದಕ್ಕೆ ಬಾರ್ಲೋ ಸೇರಿಸಿ. 105 ಪಟ್ಟು ಸಿಗುತ್ತದೆ. ಹಗಲಿನಲ್ಲಿ ಕಾದ ತಾರಸಿ ತಣ್ಣಗಾಗಿ, ಗ್ರಹ ನೆತ್ತಿಯ ಹತ್ತಿರ ಬಂದ ಮೇಲೆ, ಅಷ್ಟೇ ಹೊಳಪಿನ ನಕ್ಷತ್ರದೊಂದಿಗೆ ಹೋಲಿಸಿ ನೋಡಿ.

ತಾರಸಿವಾಸಿ:
20 ಮಿ.ಮೀ. ಐಪೀಸ್ ತಂಗಿಯ ಮನೆಯಲ್ಲಿದೆ. ತಂದ ಮೇಲೆ ತಿಳಿಸುತ್ತೇನೆ.

ಕನ್ನಡಿಗಾರ:
ತಂದಾಗ ನಕ್ಷತ್ರ ಪರೀಕ್ಷೆಯನ್ನೂ ಮಾಡಿಬಿಡಿ.