ಮೊಮೊ ತಿಂದದ್ದು ಬಿಟ್ಟರೆ ಅವಳ ಬಗ್ಗೆ ಏನಿದೆ?

ಗುಂಪು: ಹಾಸನ ಡಿಗ್ರಿ ಗೆಳೆಯರು

ಸುಮಾ: ಎಲ್ಲರೂ ಈ ಕತೆ ಓದಿ. ಬೆಂಗಳೂರಿನ ಒಂದು ಬಾಡಿಗೆ ಮನೆ, ಮಣಿಪುರದ ಹುಡುಗಿ, ಮುಖ ತಿರುಗಿಸುವ ಓನರ್. ಕೊನೆಗೆ 2012ರ ಆಗಸ್ಟ್‌ನಲ್ಲಿ ಅವಳೂ ಗುವಾಹಟಿ ರೈಲು ಹತ್ತುತ್ತಾಳೆ. ನನಗಂತೂ ಅಳು ಬಂತು.

ರಾಘು: ಆಗ ನಾನು ಅಲ್ಲೇ ಇದ್ದೆ. ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಸುಳ್ಳು ಎಸ್ಸೆಮ್ಮೆಸ್ ಹರಿದಾಡಿ, ಸಾವಿರಾರು ಜನ ಸಿಟಿ ಸ್ಟೇಷನ್ನಿಗೆ ಬಂದುಬಿಟ್ಟರು. ವಿಶೇಷ ರೈಲು ಬಿಡಬೇಕಾಯಿತು. ಆಮೇಲೆ ಸರ್ಕಾರ ದಿನಕ್ಕೆ 5 ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತ್ತು, ನೆನಪಿದೆಯಾ? ಕತೆಯಲ್ಲಿ ಆ ಪ್ಲಾಟ್‌ಫಾರಂ ಚೆನ್ನಾಗಿ ಬಂದಿದೆ.

ನಸ್ರೀನ್: ಪ್ಲಾಟ್‌ಫಾರಂ ಬಂದಿದೆ, ಹುಡುಗಿ ಎಲ್ಲಿ? ಮೊದಲಿಂದ ಕೊನೆವರೆಗೂ ಬರೀ 'ಆ ಹುಡುಗಿ'. ಬಾಯಿ ಬಿಟ್ಟರೆ 'ಥ್ಯಾಂಕ್ಸ್ ಅಕ್ಕ'. ಪಕ್ಕದ ಮನೆ ನಾಯಕಿಯ ಮನಸ್ಸು ಎಷ್ಟು ದೊಡ್ಡದು ಅಂತ ತೋರಿಸುವುದಕ್ಕೆ ಅವಳನ್ನು ತಂದು ನಿಲ್ಲಿಸಿದ್ದಾರೆ.

ಗಿರೀಶಣ್ಣ: ಬೇಕಂತಲೇ ಹೆಸರು ಕೊಟ್ಟಿಲ್ಲವೇನೋ ಕಣಮ್ಮ. ರಾಲ್ಫ್ ಎಲಿಸನ್ 1952ರಲ್ಲಿ ಬರೆದ 'ಇನ್‌ವಿಸಿಬಲ್ ಮ್ಯಾನ್' ಕಾದಂಬರಿಯಲ್ಲೂ ಆ ಕಪ್ಪು ಯುವಕನಿಗೆ ಹೆಸರಿಲ್ಲ.

ನಸ್ರೀನ್: ನಿಜ ಗಿರೀಶಣ್ಣ, ಆದರೆ ಅಲ್ಲಿ ಕತೆ ಹೇಳುವವನೇ ಅವನು. ನ್ಯೂಯಾರ್ಕಿನ ಹಾರ್ಲೆಮ್ ಬೀದಿಯಲ್ಲಿ ಬಿಸಿ ಗೆಣಸು ಕೊಂಡು ನಡೆಯುತ್ತಲೇ ತಿನ್ನುತ್ತಾನೆ, ಊರು ನೆನಪಾಗಿ ಖುಷಿಯಾಗುತ್ತಾನೆ. ಆಮೇಲೆ ಒಂದು ಗೆಣಸು ಚಳಿಗೆ ಕೆಟ್ಟಿರುತ್ತದೆ, ಎಸೆಯುತ್ತಾನೆ. ಮೋಸ ಹೋಗುತ್ತಾನೆ, ಭಾಷಣ ಮಾಡುತ್ತಾನೆ. ನಮ್ಮ ಹುಡುಗಿ ಏನು ತಿಂದಳು? ಮೊಮೊ. ಮತ್ತೇನು ತಾನೆ ತಿಂದಾಳು!

ರಾಘು: ಅದು ಅಮೆರಿಕ ಮಾರಾಯ್ತಿ. ಬಣ್ಣದ ಗಲಾಟೆ ಅವರದು, ನಮ್ಮದು ಜಾತಿ. ಸುಮ್ನೆ ಎರಡನ್ನೂ ಕಲಸಬೇಡ.

ನಸ್ರೀನ್: 2014ರಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೋ ತಾನಿಯಾನ ಕೂದಲು ನೋಡಿ ಲೇವಡಿ ಮಾಡಿದರು. ಜಗಳವಾಯಿತು, ಹೊಡೆದರು, ಹುಡುಗ ಸತ್ತ. ಈಶಾನ್ಯದವರ ತೊಂದರೆಗಳನ್ನು ನೋಡುವುದಕ್ಕೆ ಬೆಜ್‌ಬರುವಾ ಸಮಿತಿ ಆದದ್ದು ಅದಾದ ಮೇಲೆಯೇ. ಇನ್ನು ಆಫ್ರಿಕಾ ಮೂಲದವರಾದರೂ ನಮ್ಮವರೇ ಆದ ಯಲ್ಲಾಪುರ, ಹಳಿಯಾಳದ ಸಿದ್ದಿಗಳು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೇ ಹೋದರು. ಬೆಂಗಳೂರು ಬಸ್ಸಿನಲ್ಲಿ ಸಿದ್ದಿ ಹುಡುಗ ಕನ್ನಡದಲ್ಲಿ ಟಿಕೆಟ್ ಕೇಳಲಿ, ಎಷ್ಟು ತಲೆ ತಿರುಗುತ್ತವೆ ನೋಡು. ಅಲ್ಲಿ ಜಾತಿ ಒಂದೇ ಅಲ್ಲ, ಅಲ್ವಾ?

ಪ್ರಕಾಶ: ಬೆಂಗಳೂರು ತನಕ ಯಾಕೆ, ಸಕಲೇಶಪುರಕ್ಕೆ ಬನ್ನಿ. ನಮ್ಮ ಕಾಫಿ ತೋಟದ ಕೂಲಿ ಲೈನಿನಲ್ಲಿ ಅಸ್ಸಾಮಿನವರೇ ಜಾಸ್ತಿ. ಹಣ್ಣು ಕುಯ್ದು ಸಂಜೆ ತೂಕಕ್ಕೆ ನಿಂತರೆ ಲೆಕ್ಕ ಬರೆಯುವ ನಮ್ಮ ರೈಟರ್ 'ಏ ಅಸ್ಸಾಂ, ಚೀಲ ಎತ್ತು' ಅನ್ನುತ್ತಾನೆ. ಅದರಲ್ಲೊಬ್ಬ ಜಾರ್ಖಂಡಿನವನು, ಅವನೂ ಅಸ್ಸಾಮೇ! ಆದರೆ ಆ ಮನುಷ್ಯನ ತಗಾದೆಯೆಲ್ಲ ತಕ್ಕಡಿ ಜೊತೆ. ಚೀಲದ ತೂಕ ಅಂತ ಇಷ್ಟೊಂದು ಯಾಕೆ ಕಳೆಯುತ್ತೀರಿ ಅಂತ ದಿನಾ ಜಗಳ. ಒಂದಿನ ಖಾಲಿ ಚೀಲವನ್ನೇ ತಂದು ತಕ್ಕಡಿಗೆ ಹಾಕಿ, ಮುಳ್ಳು ತೋರಿಸಿ, ಎಲ್ಲರ ಮುಂದೆ ನಕ್ಕ. ರೈಟರ್ ಮುಖ ನೋಡಬೇಕಿತ್ತು.

ನಸ್ರೀನ್: ಕತೆಗೆ ಬೇಕಾದವನು ಇವನು. ಅಡ್ವಾನ್ಸ್ ವಾಪಸ್ ಕೊಡಿ ಅಂತ ಓನರ್ ಹತ್ತಿರ ಕಿತ್ತಾಡುವ ಹುಡುಗಿ ಇದ್ದಿದ್ದರೆ, ಅವಳು ರೈಲು ಹತ್ತುವಾಗ ನನಗೂ ಅಳು ಬರುತ್ತಿತ್ತು ಸುಮಾ.

ಸುಮಾ: ಇರಬಹುದು. ಆದರೆ ಮೇಲಿನ ಮನೆಯನ್ನು ಆ ಕಡೆಯ ಹುಡುಗರಿಗೆ ಕೊಡುವುದೇ ಇಲ್ಲ ಅಂತಿದ್ದ ನಮ್ಮತ್ತೆ ಇದನ್ನು ಓದಿ ಮೆತ್ತಗಾಗಿದ್ದಾರೆ. ನೀನು ಬೈದ ಈ ಕತೆಯೇ ಅಷ್ಟು ಕೆಲಸ ಮಾಡಿತು ಕಣೇ.

ನಸ್ರೀನ್: ಮನೆ ಕೊಟ್ಟರಾ?

ಸುಮಾ: ಇನ್ನೂ ಇಲ್ಲ. ಒಣಮೀನು ಹುರಿಯುತ್ತಾರೇನೋ ಅಂತ ಯೋಚನೆ ಮಾಡ್ತಿದ್ದಾರೆ.

ಗಿರೀಶಣ್ಣ: ಇದನ್ನೇ ಬರಿಯಮ್ಮ, ಅತ್ತೆ ಸಮೇತ.

ಸುಮಾ: ಬರೆದರೆ ಮೊದಲು ಮನೆ ಖಾಲಿ ಮಾಡಬೇಕಾಗುವುದು ನಾನು ಅಣ್ಣ.